ನೆಲದಾಳದ ಪ್ರಯೋಗಕ್ಕೆ ವಿಕಿರಣ ಸೋಂಕದ ಸರ್ಕ್ಯೂಟ್: ಮಾಡುವ ಬಗೆ

ಮನೆಯಲ್ಲಿ ಕೆಟ್ಟು ಕೂತ ಮೋಡೆಮ್ ಇದ್ದರೆ ಬಿಚ್ಚಿ. ಒಳಗಿನ ಹಸಿರು ಬೋರ್ಡಿನಿಂದ ಹೆಬ್ಬೆರಳಿನ ಉಗುರಿನಷ್ಟು ತುಂಡು ಮುರಿದುಕೊಳ್ಳಿ. ತೂಕ ಒಂದು ಗ್ರಾಂ ಆಸುಪಾಸು ಇದ್ದೀತು. ಅದು ಎಪಾಕ್ಸಿಯಲ್ಲಿ ಅದ್ದಿದ ಗಾಜಿನ ನಾರು, ಹೆಸರು ಎಫ್‌ಆರ್-4. ಗಾಜು ಅಂದಮೇಲೆ ಮೂಲದಲ್ಲಿ ಮರಳು, ಖನಿಜ. ಅವುಗಳ ಜೊತೆ ಒಂದಿಷ್ಟು ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಬಂದೇ ಬರುತ್ತವೆ. ಇಂಥ ಬೋರ್ಡಿನಲ್ಲಿ ಕೆಜಿಗೆ 10 ಬೆಕೆರೆಲ್ ಇದೆ ಅಂತ ಕಡಿಮೆಯೇ ಹಿಡಿಯೋಣ. ಸೆಕೆಂಡಿಗೆ ಒಂದು ಪರಮಾಣು ಸಿಡಿದರೆ ಒಂದು ಬೆಕೆರೆಲ್. ಹಾಗಾದರೆ ನಿಮ್ಮ ಕೈಯಲ್ಲಿರುವ ಆ ಚೂರಿನಲ್ಲಿ ದಿನಕ್ಕೆ 864 ಪರಮಾಣುಗಳು ಸಿಡಿಯುತ್ತಿವೆ.

ಹೆದರಬೇಡಿ. ಒಂದು ಬಾಳೆಹಣ್ಣಿನಲ್ಲೇ ಸುಮಾರು 15 ಬೆಕೆರೆಲ್ ಇರುತ್ತದೆ. ದಿನಾ ತಿಂದು ಆರಾಮಾಗಿದ್ದೀವಿ, ಅಲ್ವಾ?

ಆದರೆ ಇಟಲಿಯ ಗ್ರ್ಯಾನ್ ಸಾಸ್ಸೊ ಬೆಟ್ಟದ ಅಡಿಯಲ್ಲಿ, ಆಕಾಶದ ಕಾಸ್ಮಿಕ್ ಕಿರಣ ತಟ್ಟದಿರಲಿ ಅಂತ 1,400 ಮೀಟರ್ ಬಂಡೆಯ ಕೆಳಗೆ ಕೂತ ಡಿಟೆಕ್ಟರಿಗೆ ಆ ಒಂದು ಗ್ರಾಂ ಸಾಕು, ಕೆಲಸ ಕೆಡಲು. ಅಲ್ಲಿ ನಡೆದ ಗೆರ್ಡಾ ಪ್ರಯೋಗ ಜರ್ಮೇನಿಯಂ-76 ಪರಮಾಣುವಿನಲ್ಲಿ ನ್ಯೂಟ್ರಿನೋ ಇಲ್ಲದ ಜೋಡಿ ಬೀಟಾ ಕ್ಷಯವನ್ನು, ಅಂದರೆ ಪರಮಾಣು ಒಂದೇ ಏಟಿಗೆ ಎರಡು ಎಲೆಕ್ಟ್ರಾನ್ ಉಗುಳಿಯೂ ಜೊತೆಗೆ ಬರಬೇಕಾದ ನ್ಯೂಟ್ರಿನೋ ಕಣಗಳು ಬಾರದಿರುವ ಅಪರೂಪದ ಸಿಡಿತವನ್ನು, ಹುಡುಕುತ್ತಿತ್ತು. ಸಿಗಲಿಲ್ಲ. 2020ರಲ್ಲಿ ಅವರು ಹೇಳಿದ್ದು ಇಷ್ಟು: ಅಂಥ ಕ್ಷಯ ಇದ್ದರೂ ಅದರ ಅರ್ಧಾಯುಷ್ಯ (ಇರುವ ಪರಮಾಣುಗಳಲ್ಲಿ ಅರ್ಧ ಸಿಡಿಯಲು ಹಿಡಿಯುವ ಕಾಲ) 18ರ ಮುಂದೆ 25 ಸೊನ್ನೆ ಹಾಕಿದಷ್ಟು ವರ್ಷಕ್ಕಿಂತ ಜಾಸ್ತಿ. ಹತ್ತಾರು ಕೆಜಿ ಜರ್ಮೇನಿಯಂ ಇಟ್ಟುಕೊಂಡು ವರ್ಷಗಟ್ಟಲೆ ಕಾದರೂ ಒಂದೆರಡು ಮಿಣುಕು ಬಂದರೆ ಪುಣ್ಯ. ಆ ಒಂದೆರಡು ಮಿಣುಕಿನ ಪಕ್ಕ ದಿನಕ್ಕೆ 864 ಸಲ ಸದ್ದು ಮಾಡುವ ಬೋರ್ಡನ್ನು ಕೂರಿಸಲು ಆಗುತ್ತದಾ?

ಇಂಥ ಜಾಗಕ್ಕೆ ಸರ್ಕ್ಯೂಟ್, ಕೇಬಲ್, ಕನೆಕ್ಟರ್ ಮಾಡುವುದು ಹೇಗೆ ಅನ್ನುವುದೇ ಈ ಲೇಖನ. ಸರ್ಕ್ಯೂಟ್ ಬೋರ್ಡ್ ಕೆಲಸ ಗೊತ್ತಿದ್ದು, ಈ ಕಡೆ ಹೊಸದಾಗಿ ಕಾಲಿಡುತ್ತಿರುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಶುದ್ಧ ವಸ್ತು ಕೊಂಡು ತಂದರೆ ಅರ್ಧ ಕೆಲಸವೂ ಆಗಿಲ್ಲ. ಕೊಳೆ ಸೇರುವುದು ಹೆಚ್ಚಾಗಿ ಮಾಡುವಾಗ.

ಅಂದಹಾಗೆ, ನೆಲದಾಳದ ಭೌತಶಾಸ್ತ್ರ ನಮಗೆ ಹೊಸದಲ್ಲ. 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು 2.3 ಕಿ.ಮೀ. ಆಳದಲ್ಲಿ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಂ ವಿಜ್ಞಾನಿಗಳು ಸೇರಿ ವಾತಾವರಣದ ನ್ಯೂಟ್ರಿನೋಗಳ ಗುರುತು ಹಿಡಿದಿದ್ದರು. ಅವರಿಗೆ ಈಗಿನವರ ಹಾಗೆ ಶುದ್ಧಿಯ ತಲೆನೋವು ಅಷ್ಟಾಗಿ ಇರಲಿಲ್ಲ. ಅವರು ಕಾಯುತ್ತಿದ್ದ, ನ್ಯೂಟ್ರಿನೋ ಬಂಡೆಗೆ ಬಡಿದಾಗ ಹುಟ್ಟುವ ಮ್ಯುಯಾನ್ ಕಣ ಎದುರುಬದುರಿನ ಎರಡು ಗೋಡೆ ಡಿಟೆಕ್ಟರುಗಳನ್ನು ಒಟ್ಟಿಗೆ ತಟ್ಟಿ ಹೋಗುವಂಥದ್ದು. ಬಂಡೆಯಿಂದಲೋ ಬೋರ್ಡಿನಿಂದಲೋ ಬರುವ ಪುಟ್ಟ ಗಾಮಾ ಕಿರಣಕ್ಕೆ ಆ ತಾಕತ್ತಿಲ್ಲ. ಈಗ ಹುಡುಕುತ್ತಿರುವ ಸಂಕೇತಗಳ ಶಕ್ತಿಯೂ ಈ ಗಾಮಾಗಳ ಶಕ್ತಿಯೂ ಹೆಚ್ಚುಕಡಿಮೆ ಒಂದೇ. ತೊಂದರೆ ಇರುವುದೇ ಅಲ್ಲಿ.

ಮೊದಲು ಹೊರಗೆ ಹಾಕಿ

ಸ್ಕೀಮ್ಯಾಟಿಕ್ ಹಾಳೆ ಮುಂದೆ ಇಟ್ಟುಕೊಂಡು ಪ್ರತಿ ಭಾಗಕ್ಕೂ ಕೇಳಿ: ನೀನು ಡಿಟೆಕ್ಟರಿನ ಪಕ್ಕದಲ್ಲೇ ಇರಬೇಕಾ? ಪವರ್ ಸಪ್ಲೈ, ಡಿಜಿಟೈಸರ್, ಕಂಪ್ಯೂಟರ್ ಎಲ್ಲ ಡಿಟೆಕ್ಟರಿನ ಸುತ್ತ ಕಟ್ಟುವ ಸೀಸದ ಗೋಡೆಯ ಆಚೆ ಹೋಗಲಿ. ಅಲ್ಲಿ ಮಾಮೂಲಿ ಎಫ್‌ಆರ್-4 ಬೋರ್ಡೇ ಸಾಕು. ಇಲ್ಲಿ ಉಳಿಸಿದ ದುಡ್ಡು ಒಳಗಿನ ಕೆಲಸಕ್ಕೆ ಬೇಕಾಗುತ್ತದೆ.

ಎಲ್ಲವನ್ನೂ ಹೊರಗೆ ಹಾಕಲು ಮಾತ್ರ ಆಗುವುದಿಲ್ಲ. ಪಾಯಿಂಟ್ ಕಾಂಟ್ಯಾಕ್ಟ್ ಜಾತಿಯ ಜರ್ಮೇನಿಯಂ ಡಿಟೆಕ್ಟರಿನ ಕೆಪಾಸಿಟೆನ್ಸ್ ಒಂದೆರಡು ಪಿಕೋಫ್ಯಾರಡ್ ಅಷ್ಟೇ. ಮಾಮೂಲಿ ಕೋಆಕ್ಸ್ ಕೇಬಲ್ ಒಂದು ಮೀಟರಿಗೆ ಸುಮಾರು 100 ಪಿಕೋಫ್ಯಾರಡ್. ಮೊದಲ ಟ್ರಾನ್ಸಿಸ್ಟರನ್ನು ಕೇಬಲ್ಲಿನ ಆಚೆ ತುದಿಗೆ ಇಟ್ಟರೆ ಸಂಕೇತ ನಾಯ್ಸ್‌ನಲ್ಲಿ ಮುಳುಗಿಹೋಗುತ್ತದೆ. ಹಾಗಾಗಿ ಮೊದಲ ಟ್ರಾನ್ಸಿಸ್ಟರ್, ಫೀಡ್‌ಬ್ಯಾಕ್ ರೆಸಿಸ್ಟರ್, ಫೀಡ್‌ಬ್ಯಾಕ್ ಕೆಪಾಸಿಟರ್ ಈ ಮೂರು ಒಳಗಿರಲಿ. ಪ್ರೀಆಂಪ್ಲಿಫೈಯರಿನ ಉಳಿದದ್ದೆಲ್ಲ ಕೇಬಲ್ಲಿನ ಆಚೆ.

ಅಮೆರಿಕದ ಸೌತ್ ಡಕೋಟದ ಹಳೇ ಚಿನ್ನದ ಗಣಿಯಲ್ಲಿ, 4,850 ಅಡಿ ಆಳದಲ್ಲಿ, ಗೆರ್ಡಾದ ಹಾಗೆಯೇ ಜರ್ಮೇನಿಯಂ ಇಟ್ಟು ಅದೇ ಕ್ಷಯವನ್ನು ಹುಡುಕಿದ ಮಯೋರಾನಾ ಡೆಮಾನ್‌ಸ್ಟ್ರೇಟರ್ ಪ್ರಯೋಗದವರು ಮಾಡಿದ್ದು ಇದನ್ನೇ. ಅವರ ಪುಟ್ಟ ಬೋರ್ಡನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಸುಮಾರು 2 ಸೆಂ.ಮೀ. ಉದ್ದ, 7 ಮಿ.ಮೀ. ಅಗಲ, 0.2 ಮಿ.ಮೀ. ದಪ್ಪ. ಗಾಜಿನ ನಾರಿನ ಬದಲು ಶುದ್ಧ ಸಿಲಿಕಾ ಹಲಗೆ. ಅದರ ಮೇಲೆ ಟೈಟಾನಿಯಂನ ತೆಳು ಪದರ, ಅದರ ಮೇಲೆ ಚಿನ್ನದ ಗೆರೆಗಳು. ರೆಸಿಸ್ಟರ್ ಅಂತ ಬೇರೆ ತುಂಡೇ ಇಲ್ಲ: ಜರ್ಮೇನಿಯಂನ ತೆಳು ಪೊರೆಯನ್ನೇ ಹಲಗೆಯ ಮೇಲೆ ಕೂರಿಸಿ ರೆಸಿಸ್ಟರ್ ಮಾಡಿದ್ದಾರೆ. ಕೆಪಾಸಿಟರೂ ಇಲ್ಲ: ಎರಡು ಚಿನ್ನದ ಗೆರೆಗಳ ನಡುವೆ ತಾನಾಗಿ ಇರುವ ಕೆಪಾಸಿಟೆನ್ಸೇ ಸಾಕು. ಮೊದಲ ಟ್ರಾನ್ಸಿಸ್ಟರ್ ಆದ ಜೆಫೆಟ್‌ಗೆ ಕಪ್ಪು ಪ್ಲಾಸ್ಟಿಕ್ ಮೈ ಇಲ್ಲ, ಬರೀ ಸಿಲಿಕಾನ್ ಚೂರು. ಅದನ್ನು ಬೆಳ್ಳಿ ಎಪಾಕ್ಸಿಯ ಒಂದು ಚುಕ್ಕಿಯಿಂದ ಅಂಟಿಸಿ, ಕೂದಲಿಗಿಂತ ತೆಳು ಅಲ್ಯೂಮಿನಿಯಂ ತಂತಿಯಿಂದ ಜೋಡಿಸಿದ್ದಾರೆ. ಹಲಗೆಯ ತೂಕ ಒಂದು ಗ್ರಾಮಿನ ಹತ್ತನೇ ಒಂದು ಪಾಲೂ ಇಲ್ಲ.

ನನ್ನ ಮಟ್ಟಿಗೆ ಈ ವಿದ್ಯೆಯ ಜಾಣತನ ಇಲ್ಲೇ ಇದೆ. ಶುದ್ಧವಾದ ಕೆಪಾಸಿಟರ್ ಹುಡುಕುವ ಮೊದಲು, ಕೆಪಾಸಿಟರೇ ಇಲ್ಲದೆ ನಡೆಯುತ್ತದಾ ಅಂತ ನೋಡಿ.

ಲೆಕ್ಕದ ಪುಸ್ತಕ

ಈಗ ಬಜೆಟ್. ಮನೆ ಖರ್ಚಿನ ಪುಸ್ತಕದ ಹಾಗೆಯೇ. ಒಟ್ಟು ಇಷ್ಟೇ ಬೆಕೆರೆಲ್ ಖರ್ಚು ಮಾಡಬಹುದು ಅಂತ ಪ್ರಯೋಗದವರು ಮೊದಲೇ ಹೇಳಿರುತ್ತಾರೆ. ಅದರಲ್ಲಿ ಕೇಬಲ್ಲಿಗೆಷ್ಟು, ಕನೆಕ್ಟರಿಗೆಷ್ಟು, ಬೋರ್ಡಿಗೆಷ್ಟು ಅಂತ ಹಂಚಿ.

ಮೂರು ಸಂಖ್ಯೆಗಳನ್ನು ಗೋಡೆಗೆ ಅಂಟಿಸಿಕೊಳ್ಳಿ. ವಸ್ತುವಿನ ಒಂದು ಗ್ರಾಮಿನಲ್ಲಿ ಒಂದು ನ್ಯಾನೋಗ್ರಾಂ ಯುರೇನಿಯಂ-238 ಇದ್ದರೆ, ಕೆಜಿಗೆ 12.4 ಮಿಲಿಬೆಕೆರೆಲ್. ಅಷ್ಟೇ ಥೋರಿಯಂ-232 ಇದ್ದರೆ 4.1 ಮಿಲಿಬೆಕೆರೆಲ್. ಪೊಟ್ಯಾಸಿಯಂ ಒಂದು ಗ್ರಾಮಿಗೆ ಒಂದು ಮೈಕ್ರೋಗ್ರಾಂ ಇದ್ದರೆ 31 ಮಿಲಿಬೆಕೆರೆಲ್. ಲ್ಯಾಬಿನವರು ಒಬ್ಬರು ಪಿಕೋಗ್ರಾಮಿನಲ್ಲಿ, ಇನ್ನೊಬ್ಬರು ಮೈಕ್ರೋಬೆಕೆರೆಲ್‌ನಲ್ಲಿ ವರದಿ ಕೊಡುತ್ತಾರೆ. ಈ ಮೂರು ಸಂಖ್ಯೆ ಇದ್ದರೆ ಯಾರ ಮಾತೂ ಅರ್ಥವಾಗುತ್ತದೆ.

ಹೊಸಬರು ಎಡವುವುದು ಕೆಜಿ ಲೆಕ್ಕದಲ್ಲಿ. ಕೆಜಿಗೆ ಇಷ್ಟು ಅನ್ನುವುದು ವಸ್ತುವಿನ ಗುಣ. ಡಿಟೆಕ್ಟರಿಗೆ ಬೇಕಾದ್ದು ಒಟ್ಟು ಎಷ್ಟು ಅನ್ನುವುದು. 0402 ಅಳತೆಯ ರೆಸಿಸ್ಟರ್ ಒಂದು ಮಿಲಿಗ್ರಾಂ ಕೂಡ ತೂಗುವುದಿಲ್ಲ. ಅದರ ವಸ್ತು ಕೊಳಕಾಗಿದ್ದರೂ ಒಟ್ಟು ಲೆಕ್ಕದಲ್ಲಿ ತಡೆದುಕೊಳ್ಳಬಹುದು. ಕೇಬಲ್ ಎಷ್ಟೇ ಶುದ್ಧವಾಗಿರಲಿ, ನೂರಾರು ಗ್ರಾಂ ಇದ್ದರೆ ಅದೇ ಬಜೆಟ್ ನುಂಗುತ್ತದೆ. ಹಾಗಾಗಿ ಪುಸ್ತಕದಲ್ಲಿ ಕೊನೆಯ ಅಂಕಣ ಯಾವಾಗಲೂ "ಒಂದು ತುಂಡಿಗೆ ಎಷ್ಟು ಮೈಕ್ರೋಬೆಕೆರೆಲ್, ಒಟ್ಟು ಎಷ್ಟು ತುಂಡು" ಅಂತಲೇ ಇರಲಿ.

ಹಲಗೆ ಮತ್ತು ಭಾಗಗಳು

ಹಲಗೆಗೆ ಎಫ್‌ಆರ್-4 ಬೇಡ ಅಂತ ಆಯಿತು. ಬದಲಿಗೆ ಏನು? ಚಿಕ್ಕ ಬೋರ್ಡಿಗೆ ಶುದ್ಧ ಸಿಲಿಕಾ, ಬಗ್ಗುವಂಥದ್ದು ಬೇಕಿದ್ದರೆ ಪಾಲಿಇಮೈಡ್ ಹಾಳೆ, ಅಂದರೆ ಕ್ಯಾಪ್ಟನ್ (Kapton) ಜಾತಿ. ದಪ್ಪ ಬೇಕಿದ್ದರೆ ಅದನ್ನೇ ಪದರ ಪದರವಾಗಿ ಒತ್ತಿದ ಸೈರ್ಲೆಕ್ಸ್: ದ್ರವ ಝೆನಾನ್ ಡಿಟೆಕ್ಟರುಗಳಲ್ಲಿ ಮಿಣುಕು ಬೆಳಕು ಹಿಡಿಯುವ ಫೋಟೋಮಲ್ಟಿಪ್ಲೈಯರ್ ಕೊಳವೆಗಳ ಬೇಸುಗಳಲ್ಲಿ ಇದು ಬಳಕೆಯಲ್ಲಿದೆ. ಟೆಫ್ಲಾನ್ ಕೂಡ ಶುದ್ಧ, ಆದರೆ ಗಾಜಿನ ನಾರು ಬೆರೆಸಿದ ಟೆಫ್ಲಾನ್ ಬೋರ್ಡುಗಳೂ ಮಾರುಕಟ್ಟೆಯಲ್ಲಿವೆ. ಡೇಟಾಶೀಟಿನಲ್ಲಿ "ಗಾಜು" ಅನ್ನುವ ಮಾತು ಎಲ್ಲಿ ಕಂಡರೂ ಅಲ್ಲೇ ನಿಲ್ಲಿ. ಬಿಳಿ ಅಲ್ಯೂಮಿನಾ ಸೆರಾಮಿಕ್ ನೋಡಲು ಎಷ್ಟೇ ಚೊಕ್ಕಟವಾಗಿರಲಿ, ಅದೂ ಅನುಮಾನದ ಪಟ್ಟಿಯಲ್ಲಿರಲಿ.

ಭಾಗಗಳಲ್ಲಿ ದೊಡ್ಡ ಖಳ ಅಂದರೆ ಸೆರಾಮಿಕ್ ಕೆಪಾಸಿಟರ್. ಬೋರ್ಡಿನ ಮೇಲೆ ಅಕ್ಕಿ ಕಾಳಿನ ಹಾಗೆ ಕೂತಿರುತ್ತದಲ್ಲ, ಅದೇ. ಹೆಚ್ಚಿನವುಗಳ ಒಳಗಿರುವುದು ಬೇರಿಯಂ ಟೈಟನೇಟ್. ಬೇರಿಯಂ ಮತ್ತು ರೇಡಿಯಂ ಆವರ್ತ ಕೋಷ್ಟಕದಲ್ಲಿ ಒಂದೇ ಕಂಬದ ಅಣ್ಣತಮ್ಮ. ರಾಸಾಯನಿಕವಾಗಿ ಒಂದು ಹೋದ ಕಡೆ ಇನ್ನೊಂದು ಹೋಗುತ್ತದೆ. ಅದಿರಿನಿಂದ ಬೇರಿಯಂ ತೆಗೆಯುವಾಗ ರೇಡಿಯಂ ಬಾಲ ಹಿಡಿದು ಬಂದುಬಿಡುತ್ತದೆ. ಹೈ ವೋಲ್ಟೇಜ್ ಫಿಲ್ಟರಿಗೆ ಕೆಪಾಸಿಟರ್ ಬೇಕೇ ಬೇಕು ಅಂದರೆ ಪಾಲಿಪ್ರೊಪಿಲೀನ್‌ನಂಥ ಪ್ಲಾಸ್ಟಿಕ್ ಫಿಲ್ಮ್ ಕೆಪಾಸಿಟರ್ ನೋಡಿ, ಇಲ್ಲವೇ ಫಿಲ್ಟರನ್ನೇ ದೂರ ಒಯ್ಯಿರಿ.

ರೆಸಿಸ್ಟರ್ ವಿಷಯ ಬೇಗ ಮುಗಿಯುತ್ತದೆ. ಸಾಧ್ಯವಾದಷ್ಟು ಚಿಕ್ಕ ಅಳತೆ, ಸಾಧ್ಯವಾದಷ್ಟು ಕಡಿಮೆ ಸಂಖ್ಯೆ. ಚಿಪ್‌ಗಳು ಬರೀ ಸಿಲಿಕಾನ್ ಆದರೆ ಚೊಕ್ಕ. ಅವುಗಳ ಪ್ಯಾಕೇಜ್ ಮಾತ್ರ ಕೊಳಕು.

ಕೇಬಲ್: ಹಪ್ಪಳದ ಹಿಟ್ಟಿನ ಕತೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಈ ವಿದ್ಯೆಯ ಪಾಠವೆಲ್ಲ ಇದೊಂದರಲ್ಲೇ ಇದೆ.

ಕ್ಯಾಪ್ಟನ್ ಹಾಳೆ ಮೇಲೆ ತಾಮ್ರದ ಗೆರೆ ಇರುವ ಬಗ್ಗುವ ಕೇಬಲ್ ನೀವು ನೋಡಿರುತ್ತೀರಿ. ಪ್ರಿಂಟರ್, ಮೊಬೈಲ್ ಎಲ್ಲದರಲ್ಲೂ ಇದೆ. ತೆಳು, ಹಗುರ, ಚಳಿ ತಡೆಯುತ್ತದೆ. ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯದವರು ಇದನ್ನು ಅಳೆಯಲು ಕೂತರು. ಮಾರುಕಟ್ಟೆಯ ಮಾಮೂಲಿ ಕ್ಯಾಪ್ಟನ್ ಹಾಳೆಯಲ್ಲೇ ಗ್ರಾಮಿಗೆ ಸುಮಾರು 950 ಪಿಕೋಗ್ರಾಂ ಯುರೇನಿಯಂ, 120 ಪಿಕೋಗ್ರಾಂ ಥೋರಿಯಂ ಸಿಕ್ಕಿತು. ಪ್ಲಾಸ್ಟಿಕ್ಕಿನಲ್ಲಿ ಯುರೇನಿಯಂ ಎಲ್ಲಿಂದ ಬಂತು?

ಹಪ್ಪಳ ಒಂದಕ್ಕೊಂದು ಅಂಟಬಾರದು ಅಂತ ಮಧ್ಯೆ ಒಣ ಹಿಟ್ಟು ಉದುರಿಸುತ್ತೇವಲ್ಲ, ಹಾಗೆಯೇ ಈ ಹಾಳೆ ಸುರುಳಿಯಲ್ಲಿ ಮೆತ್ತಿಕೊಳ್ಳದೆ ಜಾರಲಿ ಅಂತ ತಯಾರಿಸುವಾಗಲೇ ಒಂದು ಪುಡಿ ಬೆರೆಸುತ್ತಾರೆ. ಆ ಪುಡಿ ಡೈಕ್ಯಾಲ್ಸಿಯಂ ಫಾಸ್ಫೇಟ್. ಫಾಸ್ಫೇಟ್ ಬಂಡೆಯಲ್ಲಿ ಯುರೇನಿಯಂ ಇರುವುದು ಹಳೇ ಸಂಗತಿ. ಕೊಳೆಯ ದೊಡ್ಡ ಪಾಲು ಬಂದಿದ್ದು ಅಲ್ಲಿಂದಲೇ. ಆ ಪುಡಿ ಇಲ್ಲದ ಹಾಳೆ ತರಿಸಿ ನೋಡಿದಾಗ ಯುರೇನಿಯಂ 12 ಪಿಕೋಗ್ರಾಮಿಗೆ ಇಳಿಯಿತು. ಬೇರೆ ಪುಡಿ ಹಾಕಿದ ಇನ್ನೊಂದು ಬಗೆಯಲ್ಲಿ ಒಂದಂಕಿಗೆ ಇಳಿಯಿತು. ಆ ಹಾಳೆಗೆ ತಾಮ್ರ ಹೊದಿಸಿದ ಮೇಲೂ 8.6 ಪಿಕೋಗ್ರಾಂ ಅಷ್ಟೇ. ಸರ್ಕ್ಯೂಟಿಗೆ ಆ ಪುಡಿಯಿಂದ ಯಾವ ಉಪಯೋಗವೂ ಇರಲಿಲ್ಲ ಅನ್ನುವುದು ನನಗೆ ಈಗಲೂ ನಗು ಬರಿಸುವ ಮಾತು.

ಕತೆ ಇಲ್ಲಿಗೆ ಮುಗಿದರೆ ಚೆನ್ನಾಗಿತ್ತು. ಹಿಂದಿನ ಅಳತೆಗಳ ಪ್ರಕಾರ, ತಯಾರಾಗಿ ಬಂದ ಕೇಬಲ್ಲುಗಳಲ್ಲಿ ಗ್ರಾಮಿಗೆ 400ರಿಂದ 4,700 ಪಿಕೋಗ್ರಾಂ ತನಕ ಯುರೇನಿಯಂ ಇತ್ತು. ಹಾಳೆಯ ಕೊಳೆಗಿಂತಲೂ ಜಾಸ್ತಿ ಇದ್ದ ಕೇಬಲ್ಲುಗಳು ಇದ್ದವು ಅಂದರೆ, ಫ್ಯಾಕ್ಟರಿಯಲ್ಲೇ ಏನೋ ಸೇರುತ್ತಿದೆ ಅಂತ ತಾನೆ? ಫೋಟೋರೆಸಿಸ್ಟ್ ಹಚ್ಚುವುದು, ಡೆವಲಪರಿನಲ್ಲಿ ಅದ್ದುವುದು, ಎಚಿಂಗ್, ತೊಳೆಯುವುದು, ಮೇಲುಹೊದಿಕೆ ಅಂಟಿಸುವುದು, ಹೀಗೆ ಹತ್ತಾರು ತೊಟ್ಟಿಗಳಲ್ಲಿ ಕೇಬಲ್ ಮುಳುಗೇಳುತ್ತದೆ. ಆ ತೊಟ್ಟಿಗಳಲ್ಲಿ ನಿನ್ನೆ ಬೇರೆ ಯಾರದ್ದೋ ಬೋರ್ಡ್ ಮುಳುಗಿತ್ತು.

ಇದಕ್ಕೆ ಅವರು ಮಾಡಿದ ಉಪಾಯ ಸರಳ. ನಿಮಗೂ ಅದನ್ನೇ ಹೇಳುತ್ತೇನೆ. ಕೇಬಲ್ ಜೊತೆಗೆ ಅದೇ ಹಾಳೆಯ ಚಿಕ್ಕ ಚಿಕ್ಕ ತುಂಡುಗಳನ್ನು ಲೈನಿಗೆ ಬಿಡಿ. ಇವು ಸಾಕ್ಷಿ ತುಂಡುಗಳು. ಪ್ರತಿ ಹಂತ ಮುಗಿದಾಗ ಒಂದನ್ನು ಹೊರಗೆ ತೆಗೆದು, ಚೀಲಕ್ಕೆ ಹಾಕಿ, ಮೇಲೆ ಹಂತದ ಹೆಸರು, ತಾರೀಖು, ಗಂಟೆ ಬರೆಯಿರಿ. ಆಮೇಲೆ ಎಲ್ಲವನ್ನೂ ಅಳೆಯಿರಿ. ಯಾವ ಎರಡು ತುಂಡುಗಳ ನಡುವೆ ಸಂಖ್ಯೆ ದಿಢೀರ್ ಏರಿದೆಯೋ, ಕಳ್ಳ ಅಲ್ಲಿದ್ದಾನೆ. ಆ ಹಂತದ ರಾಸಾಯನಿಕ ಬದಲಿಸಿ, ಇಲ್ಲವೇ ಹಂತದ ನಂತರ ಒಂದು ತೊಳೆಯುವಿಕೆ ಸೇರಿಸಿ, ಮತ್ತೆ ಅಳೆಯಿರಿ. ಹೀಗೆ ಒಂದೊಂದೇ ಹಂತ ತಿದ್ದಿ ಅವರು ಕೊನೆಗೆ ಕೆಲಸ ಮಾಡುವ ಕೇಬಲ್ಲಿನಲ್ಲಿ ಯುರೇನಿಯಂ 20ರಿಂದ 31 ಪಿಕೋಗ್ರಾಮಿಗೆ, ಥೋರಿಯಂ 12-13 ಪಿಕೋಗ್ರಾಮಿಗೆ ಇಳಿಸಿದರು.

ಇದರ ಬೆಲೆ ಎಷ್ಟು ಅಂತ ಲೆಕ್ಕ ಹಾಕಿ ನೋಡಿ. ಐದು ಗ್ರಾಂ ಕೇಬಲ್ ಇದೆ ಅಂದುಕೊಳ್ಳಿ. ಗ್ರಾಮಿಗೆ 2,000 ಪಿಕೋಗ್ರಾಂ ಯುರೇನಿಯಂ ಇದ್ದರೆ ವರ್ಷಕ್ಕೆ ಸುಮಾರು 3,900 ಸಿಡಿತ. 25 ಪಿಕೋಗ್ರಾಂ ಇದ್ದರೆ ಸುಮಾರು 49. ಯುರೇನಿಯಂ ಸಿಡಿದು ಇನ್ನೊಂದು, ಅದು ಸಿಡಿದು ಮತ್ತೊಂದು ಅಂತ ಹುಟ್ಟುವ ಸಂತಾನದಲ್ಲಿ ಮುಂದೆ ಬಿಸ್ಮತ್-214 ಬರುತ್ತದೆ. ಅದು ನೂರರಲ್ಲಿ ಒಂದೂವರೆ ಸಲ 2,448 ಕೆಇವಿ (ಕಿಲೋ ಎಲೆಕ್ಟ್ರಾನ್‌ವೋಲ್ಟ್) ಶಕ್ತಿಯ ಗಾಮಾ ಬಿಡುತ್ತದೆ. ಝೆನಾನ್-136ರಲ್ಲಿ ಹುಡುಕುತ್ತಿರುವ ಜೋಡಿ ಬೀಟಾ ಕ್ಷಯದ ಸಂಕೇತ ಇರುವುದು 2,458 ಕೆಇವಿಯಲ್ಲಿ. ಬರೀ ಹತ್ತು ಕೆಇವಿ ದೂರ, ಪಕ್ಕದ ಮನೆ! ಸಂತಾನ ಸರಿಸಮವಾಗಿದ್ದರೆ, ಅಂದರೆ ಯುರೇನಿಯಂ ಸಿಡಿದಷ್ಟೇ ಸಲ ಬಿಸ್ಮತ್ತೂ ಸಿಡಿಯುತ್ತಿದ್ದರೆ, ಮೊದಲ ಕೇಬಲ್ಲಿನಿಂದ ವರ್ಷಕ್ಕೆ ಇಂಥ 59 ಗಾಮಾ, ಎರಡನೆಯದರಿಂದ ಒಂದಕ್ಕಿಂತ ಕಡಿಮೆ.

ಬೆಸುಗೆ, ಕನೆಕ್ಟರ್, ವೆಲ್ಡಿಂಗ್

ಮಾಮೂಲಿ ಸೋಲ್ಡರಿನಲ್ಲಿ ಸೀಸ ಇದೆ. ಸೀಸದಲ್ಲಿ ವಿಕಿರಣ ಸೂಸುವ ಸೀಸ-210 ಇದೆ. ಯುರೇನಿಯಂ, ರೇಡಿಯಂ ಎಲ್ಲವನ್ನೂ ಕರಗಿಸಿ ಶುದ್ಧಿ ಮಾಡುವಾಗ ತೆಗೆಯಬಹುದು. ಸೀಸ-210 ಮಾತ್ರ ಸೀಸವೇ ಆಗಿರುವುದರಿಂದ ರಸಾಯನಕ್ಕೆ ಸಿಕ್ಕುವುದಿಲ್ಲ. ಅದರ ಅರ್ಧಾಯುಷ್ಯ ಸುಮಾರು 22 ವರ್ಷ. ಒಂದೇ ದಾರಿ, ಕಾಯುವುದು. ಇದೇ ಕಾರಣಕ್ಕೆ 2010ರಲ್ಲಿ ಇಟಲಿಯವರು ಸಾರ್ಡಿನಿಯಾ ತೀರದಲ್ಲಿ ಮುಳುಗಿದ್ದ ರೋಮನ್ ಹಡಗಿನ ಸೀಸದ 120 ಗಟ್ಟಿಗಳನ್ನು ಅದೇ ಗ್ರ್ಯಾನ್ ಸಾಸ್ಸೊದ ಕ್ವೋರೆ (CUORE) ಪ್ರಯೋಗದ ಕವಚಕ್ಕೆ ತಂದರು. ಎರಡು ಸಾವಿರ ವರ್ಷ ನೀರಿನಡಿ ಮಲಗಿದ್ದ ಸೀಸದಲ್ಲಿ ಸೀಸ-210 ಉಳಿದಿರುವುದಾದರೂ ಹೇಗೆ? ಗಟ್ಟಿಗಳ ಮೇಲಿನ ಬರಹದ ಭಾಗವನ್ನು ಕತ್ತರಿಸಿ ಇತಿಹಾಸದವರಿಗೆ ಉಳಿಸಿದರು. ಅದು ನ್ಯಾಯ.

ನಮಗೆ ಅಷ್ಟೆಲ್ಲ ಬೇಡ. ಬೆಸುಗೆ ಬೇಕೇ ಬೇಕು ಅನ್ನುವಲ್ಲಿ, ಅಳೆದು ನೋಡಿದ ತವರ ಆಧಾರದ ಸೋಲ್ಡರ್ ಬಳಸಿ. ಬರೀ ತವರಕ್ಕೆ ಚಳಿ ಆಗದು: 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ನಿಧಾನವಾಗಿ ಬೂದು ಪುಡಿಯಾಗಬಹುದು. ತಣ್ಣಗಿನ ಡಿಟೆಕ್ಟರಿಗೆ ಸ್ವಲ್ಪ ಬೇರೆ ಲೋಹ ಬೆರೆತ ಮಿಶ್ರಲೋಹವೇ ವಾಸಿ. ಎಷ್ಟು ಮಿಲಿಗ್ರಾಂ ಹಾಕಿದಿರಿ ಅನ್ನುವುದೂ ಲೆಕ್ಕಕ್ಕೆ ಬರಬೇಕು: ಬೆಸುಗೆಗೆ ಮೊದಲು, ಆಮೇಲೆ ಬೋರ್ಡ್ ತೂಗಿ ಬರೆದುಕೊಳ್ಳಿ. ತಂತಿ ಬಾಂಡಿಂಗ್ ಮಾಡಲು ಆಗುವ ಕಡೆ ಬೆಸುಗೆಯೇ ಬೇಡ.

ಕನೆಕ್ಟರಿನಲ್ಲಿ ಮೋಸ ಕಣ್ಣಿಗೆ ಕಾಣುವುದಿಲ್ಲ. ಹೊರಗೆ ಪಳಪಳ ಚಿನ್ನದ ಲೇಪ, ಒಳಗೆ ಬೆರಿಲಿಯಂ-ತಾಮ್ರದ ಸ್ಪ್ರಿಂಗ್. ಆ ಮಿಶ್ರಲೋಹದಲ್ಲಿ ಯುರೇನಿಯಂ ಇರುವುದು ಸಾಮಾನ್ಯ. ಮಯೋರಾನಾದವರು ಆ ಸ್ಪ್ರಿಂಗ್ ಬಿಟ್ಟು, ಪಿನ್ನುಗಳೇ ಕೊಂಚ ಸೊಟ್ಟ ಕೂತು ಒತ್ತಿ ಹಿಡಿಯುವ ಹಾಗೆ ವೆಸ್ಪೆಲ್ ಪ್ಲಾಸ್ಟಿಕ್ಕಿನಲ್ಲಿ ತಮ್ಮದೇ ಕನೆಕ್ಟರ್ ಮಾಡಿಕೊಂಡರು. ಅವರು ಡಿಟೆಕ್ಟರಿನ ಸುತ್ತ ಬಳಸಿದ ತಾಮ್ರವೂ ಅಂಗಡಿಯದಲ್ಲ, ನೆಲದಡಿಯ ತೊಟ್ಟಿಯಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಮಾಡಿ ಬೆಳೆಸಿದ್ದು. ತಿಂಗಳಿಗೆ ಒಂದು ಮಿ.ಮೀ. ಆಸುಪಾಸು ಬೆಳೆಯುತ್ತದೆ. ಅವಸರದವರಿಗೆ ಹೇಳಿದ ಕೆಲಸವಲ್ಲ.

ವೆಲ್ಡಿಂಗ್ ಬಗ್ಗೆ ಒಂದೇ ಮಾತು. ಟಿಗ್ ವೆಲ್ಡಿಂಗಿನ ಕೆಂಪು ತುದಿಯ ಟಂಗ್‌ಸ್ಟನ್ ಕಡ್ಡಿಯಲ್ಲಿ ನೂರಕ್ಕೆ ಎರಡು ಪಾಲು ಥೋರಿಯಂ ಆಕ್ಸೈಡ್ ಇರುತ್ತದೆ. ಮೊದಲೆಲ್ಲ ಮದುವೆ ಮೆರವಣಿಗೆಯಲ್ಲಿ ಹೊತ್ತು ತರುತ್ತಿದ್ದ ಪೆಟ್ರೋಮ್ಯಾಕ್ಸ್ ದೀಪದ ಮ್ಯಾಂಟಲ್ ಬೆಳಗುತ್ತಿದ್ದದ್ದೂ ಥೋರಿಯಂನಿಂದಲೇ. ನಿಮ್ಮ ವರ್ಕ್‌ಶಾಪಿನವರಿಗೆ ಲ್ಯಾಂಥನಂ ಅಥವಾ ಸೀರಿಯಂ ಹಾಕಿದ ಕಡ್ಡಿ ನೀವೇ ಕೊಂಡು ಕೊಡಿ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಮರಳು ಕಾಗದ, ಗ್ರೈಂಡಿಂಗ್ ಕಲ್ಲು ಕೂಡ ಒಳಗಿನ ಭಾಗಗಳಿಗೆ ತಾಕಬಾರದು. ಕತ್ತರಿಸುವುದಿದ್ದರೆ ಹೊಸ ಬ್ಲೇಡು, ಇಲ್ಲವೇ ಲೇಸರ್.

ಅಳೆಯುವುದು ಹೇಗೆ

ಎರಡು ಮುಖ್ಯ ದಾರಿ. ಒಂದು, ಜರ್ಮೇನಿಯಂ ಗಾಮಾ ಡಿಟೆಕ್ಟರ್. ವಸ್ತುವನ್ನು ಹಾಗೇ ಒಳಗಿಟ್ಟು ವಾರಗಟ್ಟಲೆ ಕಾಯುವುದು. ವಸ್ತು ಹಾಳಾಗುವುದಿಲ್ಲ, ಆದರೆ ಜಾಸ್ತಿ ವಸ್ತು ಬೇಕು. ಇನ್ನೊಂದು, ಐಸಿಪಿ-ಎಂಎಸ್ ಅನ್ನುವ ಮಾಸ್ ಸ್ಪೆಕ್ಟ್ರೋಮೀಟರ್. ಕೆಲವೇ ಮಿಲಿಗ್ರಾಮಿನಿಂದ ಒಂದೆರಡು ಗ್ರಾಂ ವಸ್ತುವನ್ನು ಆ್ಯಸಿಡ್‌ನಲ್ಲಿ ಕರಗಿಸಿ ಪರಮಾಣುಗಳನ್ನೇ ಎಣಿಸುವುದು. ಬೇಗ ಆಗುತ್ತದೆ, ಪಿಕೋಗ್ರಾಂ ಕಾಣುತ್ತದೆ. ಆದರೆ ಕರಗಿಸಿದ್ದು ಹೋಯಿತು.

ಬರೀ ಐಸಿಪಿ-ಎಂಎಸ್ ಸಂಖ್ಯೆ ನೋಡಿ ಸಮಾಧಾನ ಪಡಬೇಡಿ. ಅದು ಎಣಿಸುವುದು ಯುರೇನಿಯಂ-238 ಮತ್ತು ಥೋರಿಯಂ-232 ಅನ್ನು, ಅಂದರೆ ಮನೆತನದ ಅಜ್ಜಂದಿರನ್ನು. ತೊಂದರೆ ಕೊಡುವ ಗಾಮಾ ಬರುವುದು ಮೊಮ್ಮಕ್ಕಳಾದ ಬಿಸ್ಮತ್-214 ಮತ್ತು ಥ್ಯಾಲಿಯಂ-208ರಿಂದ. ನಡುವೆ ರೇಡಿಯಂ-226 ಇದೆ, ಅರ್ಧಾಯುಷ್ಯ 1,600 ವರ್ಷ. ರಾಸಾಯನಿಕ ಶುದ್ಧಿಯಲ್ಲಿ ಅಜ್ಜ ಹೋಗಿ ರೇಡಿಯಂ ಉಳಿದರೆ, ಐಸಿಪಿ-ಎಂಎಸ್ ವರದಿ ಚೊಕ್ಕವಾಗಿ ಕಾಣುತ್ತದೆ, ಗಾಮಾ ಮಾತ್ರ ನಿಲ್ಲುವುದಿಲ್ಲ. ಮೇಲೆ ಹೇಳಿದ ಬೇರಿಯಂ ಕೆಪಾಸಿಟರ್ ಇಂಥದ್ದೇ. ಅದನ್ನು ಗಾಮಾ ಡಿಟೆಕ್ಟರಿನಲ್ಲೇ ನೋಡಬೇಕು. ನನ್ನ ರೂಢಿ ಹೀಗೆ: ಪ್ಲಾಸ್ಟಿಕ್, ತಾಮ್ರಕ್ಕೆ ಐಸಿಪಿ-ಎಂಎಸ್, ಸೆರಾಮಿಕ್ ಇರುವ ಯಾವುದಕ್ಕಾದರೂ ಗಾಮಾ, ಮುಖ್ಯವಾದದ್ದಕ್ಕೆ ಎರಡೂ.

ಹೊಸದಾಗಿ ಅಳೆಸುವ ಮೊದಲು ರೇಡಿಯೋಪ್ಯುರಿಟಿ ಡಾಟ್ ಆರ್ಗ್ ತಾಣದ ಪಟ್ಟಿಯಲ್ಲಿ ಹುಡುಕಿ. ಹಲವು ಪ್ರಯೋಗದವರು ತಾವು ಅಳೆದದ್ದನ್ನು ಅಲ್ಲಿ ಹಾಕಿದ್ದಾರೆ. ಯಾವುದು ಖಂಡಿತ ಬೇಡ ಅಂತ ತಿಳಿಯಲು ಅದು ಸಾಕು. ಯಾವುದು ಬೇಕು ಅಂತ ತೀರ್ಮಾನಿಸಲು ಸಾಲದು, ಯಾಕೆ ಅಂದರೆ ನಿಮ್ಮ ಕೈಗೆ ಬರುವುದು ಬೇರೆ ಲಾಟ್.

ಲಾಟ್ ಅಂದಾಗ ನೆನಪಾಯಿತು. ನಮ್ಮದೇ ಒಂದು ಎಡವಟ್ಟು ಹೇಳುತ್ತೇನೆ. ಅಳೆದು ಆರಿಸಿದ ಕೆಪಾಸಿಟರ್ ರೀಲ್ ಕೊಟ್ಟು ಒಂದು ಕಡೆ ಬೋರ್ಡ್ ಅಸೆಂಬ್ಲಿಗೆ ಬಿಟ್ಟಿದ್ದೆವು. ವಾಪಸ್ ಬಂದ ರೀಲ್ ನೋಡಿದರೆ, ಉಳಿದಿರಬೇಕಾದ್ದಕ್ಕಿಂತ ಜಾಸ್ತಿ ಉಳಿದಿದೆ. ಎಣಿಸಿದೆವು. ಮತ್ತೆ ಎಣಿಸಿದೆವು. ಫೋನ್ ಮಾಡಿದರೆ ಆ ಕಡೆಯ ಹುಡುಗ ಬಹಳ ವಿನಯದಿಂದಲೇ ಹೇಳಿದ: "ಸಾರ್, ನಿಮ್ಮ ರೀಲ್ ಮೆಷಿನ್ನಿನಲ್ಲಿ ಸಿಕ್ಕಿಹಾಕಿಕೊಳ್ತಿತ್ತು. ನಮ್ಮ ಹತ್ರ ಇದ್ದದ್ದನ್ನೇ ಹಾಕಿದ್ವಿ. ವ್ಯಾಲ್ಯೂ ಒಂದೇ ಅಲ್ವಾ?" ವ್ಯಾಲ್ಯೂ ಒಂದೇ, ನಿಜ. ಅವನ ಜಾಗದಲ್ಲಿದ್ದಿದ್ದರೆ ನಾನೂ ಹಾಗೇ ಮಾಡುತ್ತಿದ್ದೆನೇನೋ. ನಲವತ್ತು ಬೋರ್ಡುಗಳನ್ನು ಬದಿಗಿಟ್ಟೆವು. ಅಂದಿನಿಂದ ಒಳಗಿನ ಬೋರ್ಡುಗಳ ಅಸೆಂಬ್ಲಿ ನಮ್ಮ ಮೇಜಿನ ಮೇಲೇ, ಚಿಮಟ ಹಿಡಿದು. ಹೊರಗೆ ಕೊಡಲೇಬೇಕಾದರೆ ಕೆಲಸ ನಡೆಯುವಾಗ ನಮ್ಮವರೊಬ್ಬರು ಅಲ್ಲಿ ನಿಂತಿರುತ್ತಾರೆ.

ತೊಳೆಯುವುದು, ಇಡುವುದು, ಸಾಗಿಸುವುದು

ತೊಳೆಯುವ ಕ್ರಮ ವಸ್ತುವಿಗೆ ತಕ್ಕಂತೆ. ಸಾಮಾನ್ಯವಾಗಿ ಮೊದಲು ಸೋಪಿನ ನೀರಿನಲ್ಲಿ ಅಲ್ಟ್ರಾಸಾನಿಕ್ ಸ್ನಾನ, ಆಮೇಲೆ 18.2 ಮೆಗಾಓಂ ಶುದ್ಧ ನೀರಿನಲ್ಲಿ ಹಲವು ಸಲ ಜಾಲಾಡುವುದು, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್. ಪ್ಲಾಸ್ಟಿಕ್ ಭಾಗವಾದರೆ ನೀರು ಬೆರೆಸಿದ ನೈಟ್ರಿಕ್ ಆ್ಯಸಿಡ್‌ನಲ್ಲಿ ನೆನೆಹಾಕಿದರೆ ಮೇಲ್ಮೈ ಕೊಳೆ ಬಿಡುತ್ತದೆ. ತಾಮ್ರದ ಗೆರೆ ಇರುವ ಬೋರ್ಡನ್ನು ಹಾಗೆ ನೆನೆಹಾಕಿ ಗೆರೆಗಳನ್ನೇ ಕಳೆದುಕೊಳ್ಳಬೇಡಿ. ಆ್ಯಸಿಡ್ ಕೆಲಸ ಫ್ಯೂಮ್ ಹುಡ್ ಒಳಗೆ, ಕನ್ನಡಕ ಹಾಕಿಕೊಂಡು, ತರಬೇತಿ ಇದ್ದವರೇ ಮಾಡಲಿ. ಗಾಜಿನ ಬೀಕರಿನ ಬದಲು ಟೆಫ್ಲಾನ್ ಅಥವಾ ಶುದ್ಧ ಪ್ಲಾಸ್ಟಿಕ್ ಪಾತ್ರೆ ಇರಲಿ. ಗಾಜಿನ ತಕರಾರು ಇಲ್ಲೂ ಇದೆ.

ಬರಿಗೈಯಲ್ಲಿ ಮುಟ್ಟಬೇಡಿ. ಬೆವರಿನಲ್ಲಿ ಪೊಟ್ಯಾಸಿಯಂ ಇದೆ. ಪೌಡರ್ ಇಲ್ಲದ ನೈಟ್ರೈಲ್ ಕೈಗವಸು ಹಾಕಿ, ಆಗಾಗ ಬದಲಿಸಿ. ಮುಖ ತುರಿಸಿಕೊಂಡ ಕೈಗವಸು ಕಸದ ಬುಟ್ಟಿಗೆ. ಕ್ಲೀನ್‌ರೂಮ್ ಇದ್ದರೆ ಸರಿ, ಇಲ್ಲದಿದ್ದರೆ ಸೋಸಿದ ಗಾಳಿ ಬೀಸುವ ಲ್ಯಾಮಿನಾರ್ ಫ್ಲೋ ಮೇಜಾದರೂ ಬೇಕು. ಧೂಳು ಅಂದರೆ ಪುಡಿಯಾದ ಬಂಡೆ. ಗಣಿಯ ಒಳಗಂತೂ ಹೇಳುವುದೇ ಬೇಡ. ಜಾರ್ಖಂಡಿನ ಜಾದೂಗುಡದಲ್ಲಿ 2017ರಲ್ಲಿ ಶುರುವಾದ, 555 ಮೀಟರ್ ಆಳದ ನಮ್ಮ ದೇಶದ ಲ್ಯಾಬ್ ಇರುವುದು ಯುರೇನಿಯಂ ಗಣಿಯ ಒಳಗೇ!

ತೊಳೆದ ಮೇಲೆ ಗಾಳಿಗೆ ಬಿಡಬೇಡಿ. ಗಾಳಿಯಲ್ಲಿ ರೇಡಾನ್ ಇದೆ, ಯುರೇನಿಯಂ ಸಂತಾನದ ವಿಕಿರಣ ಅನಿಲ. ಕೆನಡಾದಲ್ಲಿ ಗಣಿಯೊಳಗಿರುವ ಸ್ನೋಲ್ಯಾಬಿನ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು 130 ಬೆಕೆರೆಲ್. ರೇಡಾನ್-222 ತಾನು 3.8 ದಿನದಲ್ಲಿ ಅರ್ಧವಾಗುತ್ತದೆ, ನಿಜ. ಆದರೆ ಅದು ಒಡೆದು ಹುಟ್ಟಿದ್ದು ಮೇಲ್ಮೈಗೆ ಅಂಟಿ ಕೊನೆಗೆ ಸೀಸ-210 ಆಗಿ ಕೂರುತ್ತದೆ, ಇನ್ನು 22 ವರ್ಷ ಅಲ್ಲೇ ವಾಸ. ತೊಳೆದು ಒಣಗಿದ ತಕ್ಷಣ ನೈಟ್ರೋಜನ್ ತುಂಬಿದ ಚೀಲದಲ್ಲಿ ಹಾಕಿ ಸೀಲ್ ಮಾಡಿ. ಒಂದರ ಮೇಲೊಂದು ಎರಡು ಚೀಲ. ಹೊರಗಿನ ಚೀಲ ಕ್ಲೀನ್‌ರೂಮಿನ ಬಾಗಿಲಲ್ಲಿ ಬಿಚ್ಚಲು, ಒಳಗಿನದು ಮೇಜಿನ ಮೇಲೆ ಬಿಚ್ಚಲು.

ತಾಮ್ರದ ಭಾಗ ಜಾಸ್ತಿ ಇದ್ದರೆ ವಿಮಾನದಲ್ಲಿ ಕಳಿಸಬೇಡಿ. ಆಕಾಶದಲ್ಲಿ ಕಾಸ್ಮಿಕ್ ಕಿರಣ ಜಾಸ್ತಿ. ತಾಮ್ರದೊಳಗೆ ಕೋಬಾಲ್ಟ್-60 ಹುಟ್ಟುತ್ತದೆ, ಅದರ ಅರ್ಧಾಯುಷ್ಯ ಐದು ವರ್ಷಕ್ಕೂ ಮೇಲೆ. ಗ್ರಾಮಿಗಿಂತ ಕಡಿಮೆ ತೂಗುವ ಬೋರ್ಡಿಗೆ ಈ ಚಿಂತೆ ಅಷ್ಟಿಲ್ಲ.

ಕಡೆಯದಾಗಿ ಕೂರಿಸುವ ಮುನ್ನ

ಬೋರ್ಡನ್ನು ದ್ರವ ನೈಟ್ರೋಜನ್‌ನಲ್ಲಿ ಹತ್ತು ಸಲವಾದರೂ ಮುಳುಗಿಸಿ ತೆಗೆದು ಕೆಲಸ ಮಾಡುತ್ತದಾ ನೋಡಿ. ಪರೀಕ್ಷೆಗೆ ಬಳಸಿದ ಬೋರ್ಡ್ ಒಳಗೆ ಹೋಗುವುದು ಬೇಡ. ಇದಕ್ಕೇ ಅಂತ ಹತ್ತು ಬೇಕಿದ್ದ ಕಡೆ ಎರಡು ಜಾಸ್ತಿ ಮಾಡಿಟ್ಟುಕೊಳ್ಳಿ.

ಭಾಗಗಳೆಲ್ಲ ಬಿಡಿಬಿಡಿಯಾಗಿ ಶುದ್ಧ ಅಂತ ವರದಿ ಇದ್ದರೂ, ಪೂರ್ತಿ ಜೋಡಿಸಿದ ಬೋರ್ಡುಗಳ ಒಂದು ಗುಂಪನ್ನು ಮತ್ತೆ ಗಾಮಾ ಡಿಟೆಕ್ಟರಿನಲ್ಲಿಡಿ. ಬಂದ ಸಂಖ್ಯೆಯನ್ನು ಲೆಕ್ಕದ ಪುಸ್ತಕದ ಮೊತ್ತದ ಜೊತೆ ಹೋಲಿಸಿ. ಹೊಂದಿದರೆ ಕೂರಿಸಿ. ಜಾಸ್ತಿ ಬಂದರೆ ಫ್ಲಕ್ಸ್, ಅಂಟು, ಚೀಲ, ಯಾರದೋ ಕೈಗವಸು, ಇವುಗಳಲ್ಲಿ ಹುಡುಕಿ. ಸಾಕ್ಷಿ ತುಂಡುಗಳು ಇದ್ದರೆ ಒಂದು ವಾರದ ಕೆಲಸ, ಇಲ್ಲದಿದ್ದರೆ ಆರು ತಿಂಗಳು.

ಉಳಿದ ಹಾಳೆ, ಉಳಿದ ರೀಲ್, ಸೋಲ್ಡರಿನ ತುಣುಕು ಯಾವುದನ್ನೂ ಎಸೆಯಬೇಡಿ. ಲಾಟ್ ನಂಬರ್ ಬರೆದು ಸೀಲ್ ಮಾಡಿ ಬೀರುವಿನಲ್ಲಿಡಿ. ಮೂರು ವರ್ಷ ಆದಮೇಲೆ ಡಿಟೆಕ್ಟರಿನವರು ಬಂದು "2,614 ಕೆಇವಿಯಲ್ಲಿ ಒಂದು ಗೆರೆ ಕಾಣ್ತಿದೆ, ನಿಮ್ಮ ಬೋರ್ಡೇನಾ?" ಅಂತ ಕೇಳುತ್ತಾರೆ. ಅದು ಥ್ಯಾಲಿಯಂ-208ರ ಗೆರೆ. ಹೌದೋ ಅಲ್ಲವೋ ಅಂತ ಹೇಳಲು ಆಗ ನಿಮ್ಮ ಹತ್ತಿರ ಇರುವುದು ಆ ಬೀರು ಮಾತ್ರ.